ಆ ತುದಿಯ ಎರಡು ಮೂಲೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕಂಡವರೆಲ್ಲ ಹೇಳುತ್ತಾರೆ. ಹೇಳಲಿ. ಆ ಕೋಪ ಇಲ್ಲದೇ ಹೋಗಿದ್ದರೆ ನನಗೆ ಈ ಗಂಡನೇ ಸಿಗುತ್ತಿರಲಿಲ್ಲ. ಆ ಕಥೆ ಆಮೇಲೆ ಬರುತ್ತದೆ. ಮೊದಲು ಬೆನ್ನಿನ ಕಥೆ.

ನಾನು, ನಮ್ಮವರು ಇಬ್ಬರೂ ಸೇರಿ ನಡೆಸುವುದು ಒಂದು ಸಣ್ಣ ಲಾಂಡ್ರಿ. ಉದ್ದನೆಯ ಒಂದೇ ಕೋಣೆ. ಗೋಡೆಗೆ ಒತ್ತಿಕೊಂಡು ಬಟ್ಟೆ ಒಗೆಯುವ ಮೆಷಿನ್ನುಗಳು, ಪಕ್ಕದಲ್ಲಿ ದಿನವಿಡೀ ಗುಡುಗುಡು ಎನ್ನುವ ಒಣಗಿಸುವ ಮೆಷಿನ್ನು, ಕೊನೆಗೆ ಇಸ್ತ್ರಿ ಮೇಜು. ನಡುವೆ ಖಾಲಿ ಜಾಗ. ನಮ್ಮ ದೊಡ್ಡ ಆಸ್ತಿ ಎಂದರೆ ಆ ಖಾಲಿ ಜಾಗವೇ, ಯಾಕೆಂದರೆ ನಮ್ಮಲ್ಲಿಗೆ ಬರುವುದೆಲ್ಲ ಲಾಡ್ಜಿನ, ಹಾಸ್ಟೆಲ್ಲಿನ ಬೆಡ್‌ಶೀಟುಗಳು. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು, ಹಿಂದೆ ಮುಂದೆ ಓಡಾಡಲು ಜಾಗ ಬೇಕು. ಈ ತುದಿಯ ಎರಡು ಮೂಲೆ ಒಬ್ಬರ ಕೈಯಲ್ಲಿ, ಆ ತುದಿಯ ಎರಡು ಮೂಲೆ ಇನ್ನೊಬ್ಬರ ಕೈಯಲ್ಲಿ. ಉದ್ದಕ್ಕೆ ಮಡಿಸಿ, ಒಂದು ಸಲ ಜಗ್ಗಿ ಸುಕ್ಕು ಬಿಡಿಸಿ, ಇಬ್ಬರೂ ಎದುರುಬದುರು ನಡೆದು ಬರಬೇಕು. ನಾನು ನನ್ನ ಮೂಲೆಗಳನ್ನು ನಮ್ಮವರ ಕೈಗೆ ಕೊಟ್ಟು, ಬಗ್ಗಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಂಡು ಹಿಂದೆ ಸರಿಯುತ್ತೇನೆ. ಮತ್ತೆ ಜಗ್ಗುತ್ತೇವೆ, ಮತ್ತೆ ಎದುರಿಗೆ ಬರುತ್ತೇವೆ. ಅವರು ದೀಪದ ಕಂಬದ ಹಾಗೆ ಉದ್ದ, ನಾನು ಗಿಡ್ಡಿ. ಅವರು ಎತ್ತಿ ಹಿಡಿದರೆ ಬಟ್ಟೆ ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಬಗ್ಗುವ ಕೆಲಸ ಮೊದಲಿನಿಂದಲೂ ನನ್ನದು. "ನೀನು ನೆಲಕ್ಕೆ ಹತ್ತಿರ ಇದ್ದೀಯಲ್ಲ, ನಿಂಗೇ ಸುಲಭ" ಎನ್ನುತ್ತಿದ್ದರು. ಇಡೀ ಜನ್ಮದಲ್ಲಿ ಅವರು ಹೇಳಿದ ಜೋಕು ಅದೊಂದೇ ಇರಬೇಕು, ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು.

ಹೀಗೆ ಬಗ್ಗಿ ಎದ್ದು, ಬಗ್ಗಿ ಎದ್ದು ತಲೆ ಬೆಳ್ಳಗಾಯಿತು. ಬೆನ್ನು ಆಗಾಗ ಹಿಡಿಯುತ್ತಿತ್ತು, ಬಿಡುತ್ತಿತ್ತು. ಕಳೆದ ವರ್ಷ ಹಿಡಿದದ್ದು ಬಿಡಲಿಲ್ಲ. ಸೊಂಟದಲ್ಲಿ ಹುಟ್ಟಿದ ನೋವು ಎಡತೊಡೆ, ಮೀನಖಂಡ ಎಲ್ಲ ಸುತ್ತಾಡಿಕೊಂಡು ಹೆಬ್ಬೆರಳಿನವರೆಗೆ ಇಳಿಯುತ್ತಿತ್ತು. ಮಾತ್ರೆ ನುಂಗಿದೆ. ಬಿಸಿನೀರಿನ ಚೀಲ ಇಟ್ಟುಕೊಂಡೆ. ಫಿಸಿಯೋಥೆರಪಿಯವಳು ಹೇಳಿದಂತೆಲ್ಲ ಕಾಲೆತ್ತಿದೆ, ಇಳಿಸಿದೆ. ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ, ಹಲ್ಲು ಕಚ್ಚಲು ಆಗದ ದಿನ ನಮ್ಮವರನ್ನು ಬೈದೆ.

ಒಂದು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುತ್ತಿದ್ದಾಗ ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ನನ್ನ ಕಾಲನ್ನೇ ನೋಡುತ್ತಾ ನಿಂತ. "ಏನಕ್ಕಾ, ಇವತ್ತು ಒಂದೇ ಚಪ್ಪಲಿ?" ಎಂದ. ಬಗ್ಗಿ ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು, ಬೆರಳ ಸಂದಿಯಲ್ಲೆಲ್ಲ ಧೂಳು. ಎಲ್ಲಿ ಕಳಚಿ ಬಿತ್ತೋ ನನಗೆ ಗೊತ್ತೇ ಆಗಿರಲಿಲ್ಲ. ಅವನು ನಕ್ಕ, ನಾನೂ ನಕ್ಕೆ. ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತಲು ನೋಡಿದೆ. ಅದು ಇನ್ಯಾರದೋ ಬೆರಳಿನ ಹಾಗೆ ಬಿದ್ದುಕೊಂಡಿತ್ತು. ನಮ್ಮವರು ಬಂದ ದಾರಿಯಲ್ಲೇ ಹುಡುಕಿಕೊಂಡು ಹೋಗಿ, ಬೇಕರಿ ಮುಂದೆ ಬಿದ್ದಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

ಬೆನ್ನಿನ ಡಾಕ್ಟರು ಒಬ್ಬಳು ಹೆಂಗಸು, ನಮ್ಮ ಮಗಳ ವಯಸ್ಸಿನವಳು. ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಗಳ ನಡುವಿನ ಡಿಸ್ಕು ಎಲ್ಲಿ ಹೊರಗೆ ಬಂದು ನರವನ್ನು ಒತ್ತುತ್ತಿದೆ ಎಂದು ಪೆನ್ನಿನ ತುದಿಯಲ್ಲಿ ತೋರಿಸಿದಳು.

"ಬರೀ ನೋವಾಗಿದ್ರೆ ಇನ್ನೂ ಸ್ವಲ್ಪ ಕಾಯಬಹುದಿತ್ತಮ್ಮ. ಪಾದ ಸೋಲ್ತಾ ಇದೆ. ತುಂಬಾ ತಡ ಮಾಡಿದ್ರೆ ಆಮೇಲೆ ಆಪರೇಷನ್ ಮಾಡಿದ್ರೂ ಅದು ವಾಪಸ್ ಬರದೇ ಇರಬಹುದು."

"ಈಗ ಮಾಡಿದ್ರೆ ಬರುತ್ತಾ?"

"ಬರೋ ಸಾಧ್ಯತೆ ಜಾಸ್ತಿ. ಗ್ಯಾರಂಟಿ ಕೊಡಲ್ಲ."

ನೇರ ಮಾತಿನವಳು, ಹಿಡಿಸಿದಳು. ಮುಂದಿನ ಮಾತಿಗೆ ಆ ಹಿಡಿಸಿದ್ದೆಲ್ಲ ಹಾರಿಹೋಯಿತು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ನಾನು ಕುರ್ಚಿಯಿಂದ ಎದ್ದು, ಮೂಲೆ ಹಿಡಿದು, ನಡೆದು, ಬಗ್ಗಿ ತೋರಿಸಿದೆ. ಬಗ್ಗಿದವಳನ್ನು ನಮ್ಮವರು ಎತ್ತಿ ನಿಲ್ಲಿಸಬೇಕಾಯಿತು.

"ಇದು ಇನ್ಮೇಲೆ ಬೇಡ. ಆಪರೇಷನ್ ಆಗಿ ಮೂರು ತಿಂಗಳಂತೂ ಬಗ್ಗೋ ಹಾಗೇ ಇಲ್ಲ. ಆಮೇಲೂ ದಿನವಿಡೀ ಹೀಗೆ ಬಗ್ಗಿ ಏಳೋ ಕೆಲಸ ಬಿಟ್ಟುಬಿಡಿ."

"ಹಾಗಾದ್ರೆ ಆಪರೇಷನ್ನೇ ಬೇಡ" ಎಂದು ಹೊರಗೆ ಬಂದುಬಿಟ್ಟೆ.

ಮಗಳು ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಅವತ್ತು ನಮ್ಮನ್ನು ಕರೆದುಕೊಂಡು ಬಂದವಳೂ ಅವಳೇ. ಕೋಪದಲ್ಲಿ ನನ್ನದೇ ಅಚ್ಚು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಅಮ್ಮಾ, ಯಾರದೋ ಬೆಡ್‌ಶೀಟಿಗೋಸ್ಕರ ಕಾಲು ಕಳ್ಕೊಳ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದಳು. "ನೀನು ರೋಡ್ ನೋಡು" ಎಂದೆ. ಅವಳಿಗೆ ಬಿಡಿಸಿ ಹೇಳಲು ಹೋದರೆ ನಾನು ತುಂಬಾ ಹಿಂದಕ್ಕೆ ಹೋಗಬೇಕಾಗುತ್ತಿತ್ತು, ವ್ಯಾನಿನಲ್ಲಿ ಅದೆಲ್ಲ ಆಗುವ ಮಾತಲ್ಲ.

ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದದ್ದು ಆ ಕಾಲದ ಒಂದು ದೊಡ್ಡ ಲಾಂಡ್ರಿಗೆ, ಹಬೆಯಲ್ಲಿ ನಡೆಯುವಂಥದ್ದು. ಬಾಗಿಲು ದಾಟಿದರೆ ಸಾಕು, ಗಂಜಿಯ ವಾಸನೆ ಮುಖಕ್ಕೆ ಅಂಟುತ್ತಿತ್ತು. ಕಿಟಕಿಗಳು ಎತ್ತರದಲ್ಲಿದ್ದವು, ಅಲ್ಲಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ನವಿರು ಎಳೆಗಳು ಹಾರಾಡುತ್ತಿದ್ದವು. ಮಡಿಸುವ ಕೋಣೆಯಲ್ಲಿ ಜೋಡಿ ಜೋಡಿಯಾಗಿ ನಿಲ್ಲುತ್ತಿದ್ದೆವು. ನನಗೆ ಯಾವ ಜೋಡಿಯೂ ಒಂದು ವಾರ ನಿಲ್ಲಲಿಲ್ಲ. ಒಬ್ಬಳು ಮೂಲೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಒಬ್ಬಳು ನಿಂತಲ್ಲೇ ತೂಕಡಿಸುತ್ತಾಳೆ, ಇನ್ನೊಬ್ಬಳು ಅಂಚಿಗೆ ಅಂಚು ಕೂಡಿಸದೆ ಹಾಗೇ ಮುದುರುತ್ತಾಳೆ. ನಾನು ಸುಮ್ಮನಿರುವವಳಲ್ಲ. ಕೋಣೆಯ ಉಸ್ತುವಾರಿ ನೋಡುತ್ತಿದ್ದ ಹೆಂಗಸನ್ನು ನಾವೆಲ್ಲ ಮಡಿಕೆಯಮ್ಮ ಎನ್ನುತ್ತಿದ್ದೆವು. ಅವಳಿಗೆ ಸಾಕುಸಾಕಾಗಿ, ಒಂದು ದಿನ ಬಟ್ಟೆಯ ಗಂಟು ಇಳಿಸುವ ಕಡೆಯಿಂದ ಒಬ್ಬ ಉದ್ದನೆಯವನನ್ನು ತೋಳು ಹಿಡಿದು ಎಳೆದುಕೊಂಡು ಬಂದು ನನ್ನೆದುರು ನಿಲ್ಲಿಸಿದಳು. "ಇವನ ಜೊತೆ ಜಗಳ ಆಡು ನೋಡೋಣ. ಇವನಿಗೆ ಬಾಯೇ ಇಲ್ಲ" ಎಂದಳು.

ನಿಜವಾಗಿಯೂ ಇರಲಿಲ್ಲ. ನಾನು ಬೈದರೂ ನಮ್ಮವರು ಮೂಲೆ ಹಿಡಿದುಕೊಂಡು ಬರುತ್ತಿದ್ದರು, ಬೈಯದಿದ್ದರೂ ಬರುತ್ತಿದ್ದರು. ಆದರೆ ಕೈ ಎಂಥ ಕೈ. ಅಂಚಿಗೆ ಅಂಚು ಕೂಡಿಸಿದರೆ ಕೂದಲು ತೂರಿಸಲೂ ಸಂದಿ ಇರುತ್ತಿರಲಿಲ್ಲ. ಜಗ್ಗಿದಾಗ ಬಟ್ಟೆಯ ಆ ತುದಿಯಲ್ಲಿ ಮನುಷ್ಯ ಇದ್ದಾನೆ ಎಂದು ಗೊತ್ತಾಗುತ್ತಿತ್ತು. ಮೆಷಿನ್ನುಗಳ ಸದ್ದಿಗೆ ದೂರದಿಂದ ಮಾತಾಡಿದರೆ ಏನೂ ಕೇಳುತ್ತಿರಲಿಲ್ಲ. ಎದುರಿಗೆ ಬಂದು ಮೂಲೆ ಕೊಡುವ ಅಷ್ಟು ಹೊತ್ತಿನಲ್ಲಿ ಎರಡು ಮೂರು ಶಬ್ದ ಆಡಬಹುದು, ಅಷ್ಟೇ. ಒಂದು ಮಾತು ಮುಗಿಯಲು ಒಂದು ಬೆಡ್‌ಶೀಟು ಬೇಕಾಗುತ್ತಿತ್ತು.

"ನಮ್ಮಮ್ಮ..." ಎಂದರು ಒಂದು ದಿನ. ಹಿಂದೆ ಸರಿದೆವು, ಜಗ್ಗಿದೆವು, ಮತ್ತೆ ಬಂದೆವು. "...ನಿಮ್ಮನ್ನ ನೋಡ್ಬೇಕಂತೆ."

ಬೆಡ್‌ಶೀಟು ಮುಗಿಯಿತು. ಇನ್ನೊಂದನ್ನು ತೆಗೆದೆವು. "ಯಾಕಂತೆ?" ಎಂದೆ.

"ನಾನು ಹೇಳಿದ್ದೀನಿ."

ನನಗೆ ತಡೆಯಲಾಗಲಿಲ್ಲ, ಆದರೂ ಬಟ್ಟೆಯನ್ನು ನೆಲಕ್ಕೆ ಬಿಡುವ ಹಾಗಿಲ್ಲ. ಹಿಂದೆ ಸರಿದು ಮತ್ತೆ ಬಂದು, "ಏನಂತ ಹೇಳಿದ್ರಿ?" ಎಂದೆ.

"ದಿನಾ ಬೈತಾರೆ ಅಂತ." ಬಗ್ಗಿ ಮಡಿಕೆ ಎತ್ತಿಕೊಂಡೆ. ಮತ್ತೆ ಎದುರಿಗೆ ಬಂದಾಗ ಮಾತು ಮುಗಿಸಿದರು. "ಬೈಸಿಕೊಳ್ಳೋಕೆ ನಂಗೆ ಇಷ್ಟ ಅಂತ."

ನಮ್ಮ ಮದುವೆಯ ಮಾತುಕತೆ ನಡೆದದ್ದು ಹೀಗೆ. ಆಮೇಲೆ ಸ್ವಂತ ಅಂಗಡಿ ಆಯಿತು, ಮಗಳು ಹುಟ್ಟಿದಳು. ಅತ್ತೆ ತೀರಿಕೊಂಡ ದಿನಗಳಲ್ಲಿ ಅವರು ಅತ್ತದ್ದೂ ಬೆಡ್‌ಶೀಟಿನ ಆ ಕಡೆಯೇ. ಮಗಳ ಹೆಸರು, ಮನೆ ಬಾಡಿಗೆ, ಅವಳ ಓದು, ಎಲ್ಲವೂ ತುಂಡು ತುಂಡಾಗಿ ಅಲ್ಲೇ ತೀರ್ಮಾನವಾದವು. ಮನೆಯಲ್ಲಿ ಎದುರು ಕೂರಿಸಿದರೆ ಈ ಮನುಷ್ಯನ ಬಾಯಿಂದ ನಾಲ್ಕು ಮಾತು ಹೊರಡುವುದಿಲ್ಲ. ಅದಕ್ಕೇ ನನಗೆ ಬೆಡ್‌ಶೀಟಿನ ನನ್ನ ತುದಿ ಬೇಕಿತ್ತು. ಬಗ್ಗಲಾಗದವಳನ್ನು ಆ ತುದಿಯಲ್ಲಿ ನಿಲ್ಲಿಸಿಕೊಂಡು ಯಾರು ಏನು ಮಾಡುತ್ತಾರೆ? ಡಾಕ್ಟರಿಗಾಗಲಿ ಮಗಳಿಗಾಗಲಿ ಇದನ್ನು ಹೇಳುವುದು ಹೇಗೆ?

ಆಪರೇಷನ್ ಬೇಡ ಎನ್ನುವವರಿಗೆ ಬೆಂಬಲಕ್ಕೇನು ಬರ. ವಾಚ್ ರಿಪೇರಿಯವನು ಕಣ್ಣಿಗೆ ಹಾಕಿದ ಭೂತಗನ್ನಡಿಯನ್ನೂ ತೆಗೆಯದೆ ಬಂದು ನಿಂತು, "ಬೆನ್ನಿಗೆ ಕತ್ತಿ ಹಾಕಿಸ್ಕೋಬೇಡಿ ಅಕ್ಕಾ. ನಮ್ಮ ಸೋದರಮಾವ ಹಾಕಿಸ್ಕೊಂಡು ಹಾಸಿಗೆ ಹಿಡಿದವ್ರು ಏಳಲೇ ಇಲ್ಲ" ಎಂದ. ಸೋದರಮಾವನಿಗೆ ಏನಾಗಿತ್ತು ಎಂದು ಕೆದಕಿದರೆ, ಆಪರೇಷನ್ ಆಗಿದ್ದು ಹೊಟ್ಟೆಗೆ. "ಹೊಟ್ಟೆ ಹಿಂದೆ ಬೆನ್ನೇ ಅಲ್ವಾ?" ಎಂದ. ಇವನ ಕೈಗೆ ಜನ ವಾಚು ಕೊಡುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಆದರೂ ಅವನ ಮಾತನ್ನೇ ಮನೆಗೆ ಹೋಗಿ ಮಗಳಿಗೆ ಒಪ್ಪಿಸಿದೆ.

ಹೀಗೆ ದಿನ ದೂಡುತ್ತಿದ್ದಾಗ ಒಂದು ಮಧ್ಯಾಹ್ನ ನಾನು ಮಡಿಕೆ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದೆ, ಎಡಗಾಲು ನೆಲ ಕೆರೆಯಿತು. ನಮ್ಮವರು ತಮ್ಮ ಮೂಲೆಗಳನ್ನು ಹಾಗೇ ಮೇಜಿನ ಮೇಲೆ ಇಟ್ಟರು. ಹೋಗಿ ಒಂದೊಂದೇ ಮೆಷಿನ್ನನ್ನು ಆಫ್ ಮಾಡಿದರು. ಹಗಲು ಹೊತ್ತಿನಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಅವರು ವಾಪಸ್ಸು ಬಂದು ತಮ್ಮ ತುದಿಯಲ್ಲೇ ನಿಂತು, ಅಲ್ಲಿಂದಲೇ ಮಾತಾಡಿದರು.

"ನಂಗೆ ಭಯ ಆಗ್ತಿದೆ ಕಣೇ. ನೀನು ಕಾಲು ಎಳೆಯೋ ಸದ್ದು ಇಷ್ಟು ಮೆಷಿನ್ ಸದ್ದಲ್ಲೂ ನಂಗೆ ಕೇಳ್ಸುತ್ತೆ. ನೀನು ಮಡಿಸದೇ ಇದ್ರೂ ಪರವಾಗಿಲ್ಲ. ನಡೀಬೇಕು ನೀನು."

ಆ ಮನುಷ್ಯ ಭಯ ಎಂಬ ಶಬ್ದವನ್ನು ಆಡಿದ್ದೇ ನಾನು ಕೇಳಿರಲಿಲ್ಲ. ಸರಿ, ಮಾಡಿಸ್ಕೋತೀನಿ ಎಂದೆ. ಆದರೆ ಮಡಿಸದೇ ಇದ್ದರೂ ಪರವಾಗಿಲ್ಲ ಎಂದರಲ್ಲ, ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಎಷ್ಟು ಸಲೀಸಾಗಿ ಹೇಳಿಬಿಟ್ಟರು.

ಆಪರೇಷನ್ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಮಾಡಿದವರಿಗೆ ಗೊತ್ತು. ಮುಖಕ್ಕೆ ಏನೋ ಹಿಡಿದರು, ಎಚ್ಚರವಾದಾಗ ಬಾಯಿ ಒಣಗಿತ್ತು, ಕಾಲಿನ ನೋವು ಇರಲಿಲ್ಲ. ಬೆನ್ನಿನ ಗಾಯ ಉರಿಯುತ್ತಿತ್ತು, ಆದರೆ ತಿಂಗಳುಗಟ್ಟಲೆ ಕಾಲನ್ನು ಕಚ್ಚಿಕೊಂಡಿದ್ದ ಆ ನೋವು ಎದ್ದು ಹೋಗಿತ್ತು. ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು. ಎರಡೂ ಕೈಯಲ್ಲಿ ವಾಕರ್ ಹಿಡಿದುಕೊಂಡು ಮಂಚದ ಪಕ್ಕ ನಿಂತಿದ್ದೆ, ಒಬ್ಬ ನರ್ಸು ಹಾಸಿಗೆ ಬದಲಾಯಿಸಲು ಹೊಸ ಬೆಡ್‌ಶೀಟನ್ನು ಝಾಡಿಸಿದಳು. ಅದರ ಅಂಚು ಗಾಳಿಯಲ್ಲಿ ಎದ್ದು ನನ್ನ ಮುಂದೆ ಬಂತು. ವಾಕರ್ ಬಿಟ್ಟುಬಿಟ್ಟೆ. ಎರಡೂ ಕೈಯಿಂದ ಎರಡು ಮೂಲೆ ಹಿಡಿದೆ. ಹಿಂದೆ ಸರಿಯಲು ಕಾಲು ಎತ್ತಿಯೂ ಆಗಿತ್ತು, ಅಷ್ಟರಲ್ಲಿ ಪಕ್ಕದಲ್ಲಿದ್ದ ಆಸ್ಪತ್ರೆಯ ಫಿಸಿಯೋಥೆರಪಿಯವಳು ನನ್ನ ಸೊಂಟದ ಬೆಲ್ಟನ್ನು ಹಿಡಿದೆಳೆದು ನಿಲ್ಲಿಸಿದಳು.

"ಅಜ್ಜಿ, ಏನ್ ಮಾಡ್ತಿದ್ದೀರಾ ನೀವು?"

"ಅಜ್ಜಿ ಅಂತ ಯಾರಿಗೆ ಹೇಳ್ತಿದ್ದೀಯಾ?" ಎಂದೆ. ತಲೆಯೆತ್ತಿ ನೋಡಿದರೆ ಮಂಚದ ಆ ಕಡೆ ನಮ್ಮವರೂ ಸ್ಟೂಲಿನಿಂದ ಎದ್ದು, ಎರಡೂ ಕೈ ಮುಂದೆ ಚಾಚಿಕೊಂಡು ಬೆಪ್ಪಾಗಿ ನಿಂತಿದ್ದರು. ನರ್ಸು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ನನಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅಳು ಬಂತು. ಇನ್ನು ಇದು ನನ್ನ ಕೆಲಸವಲ್ಲ ಎಂದು ಕೈಗಳಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದೆ. ಮಗಳು ರಜೆ ಹಾಕಿ ಜೈಲರ್ ಆದಳು. ಏಳುವಾಗ ಮರದ ದಿಮ್ಮಿ ಹೊರಳಿದ ಹಾಗೆ ಇಡೀ ಮೈ ಒಟ್ಟಿಗೆ ಮಗ್ಗುಲಾಗಬೇಕು, ಕಾಲು ಕೆಳಗೆ ಬಿಟ್ಟು ಮೊಣಕೈ ಊರಿ ಏಳಬೇಕು. ತುಂಬಾ ಹೊತ್ತು ಕೂರಬಾರದು. ತಿರುಚಬಾರದು. ಬಗ್ಗಬಾರದು ಎನ್ನುವುದನ್ನು ಅವಳು ಎಷ್ಟು ಸಲ ಹೇಳಿದಳೆಂದರೆ ನನಗೆ ಕನಸಿನಲ್ಲೂ ಬಗ್ಗಲು ಭಯವಾಯಿತು. ಒಂದು ಮನೆಯಲ್ಲಿ ಇಷ್ಟೊಂದು ಸಾಮಾನು ಕೆಳಗೆ ಬೀಳುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಾಚಣಿಗೆ ಬೀಳುತ್ತದೆ, ಕನ್ನಡಕ ಬೀಳುತ್ತದೆ, ಟವೆಲ್ಲು ಬೀಳುತ್ತದೆ, ಎಲ್ಲವೂ ಮಂಚದ ಕೆಳಗೇ ಹೋಗಿ ಕೂರುತ್ತವೆ. ಮಗಳು ಅಡುಗೆಮನೆಯ ಇಕ್ಕಳವನ್ನು ಕೋಲಿಗೆ ಕಟ್ಟಿ ಕೊಟ್ಟಳು. ಅದರಲ್ಲಿ ಟವೆಲ್ಲು ಎತ್ತಲು ಹೋಗಿ ಲೋಟ ಬೀಳಿಸಿದೆ. "ಅಮ್ಮಾ, ನೀನು ಸುಮ್ನೆ ಮಲ್ಕೋ" ಎಂದಳು. ಮಲಗಿದೆ. ಮಲಗಿ ಏನು ಮಾಡುವುದು? ಆ ಹಳೆಯ ಕೋಣೆ, ಗಂಜಿಯ ವಾಸನೆ, ಎತ್ತರದ ಕಿಟಕಿ, ಎದುರಿಗೆ ಬರುತ್ತಿರುವ ಆ ಉದ್ದನೆಯವನು. ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದೆ. ಆಗ ಬೆನ್ನು ಎಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕಾಲು ನಿಧಾನವಾಗಿ ಬಂತು. ಒಂದು ಬೆಳಿಗ್ಗೆ ಹೊದಿಕೆಯ ಕೆಳಗೆ ಹೆಬ್ಬೆರಳು ಅಲ್ಲಾಡಿತು. ನಮ್ಮವರನ್ನು ಕೂಗಿ ಕರೆದು ತೋರಿಸಿದೆ. ಅವರು ಮಂಚದ ಬುಡದಲ್ಲಿ ಕುಳಿತು, ಮತ್ತೊಂದು ಸಲ ಮಾಡು, ಮತ್ತೊಂದು ಸಲ ಮಾಡು ಎಂದು ನನ್ನ ಬೆರಳನ್ನು ಸುಸ್ತು ಮಾಡಿಸಿದರು. ಆಮೇಲೆ ಕಣ್ಣೊರೆಸಿಕೊಂಡು ಅಂಗಡಿಗೆ ಹೋದರು.

ಅಂಗಡಿಯದೇ ನನಗೆ ಚಿಂತೆ. ಸಂಜೆ ಬಂದ ಕೂಡಲೇ ಕೇಳುತ್ತಿದ್ದೆ, ಯಾರ ಜೊತೆ ಮಡಿಸ್ತಿದ್ದೀರಿ ಅಂತ. "ಹೇಗೋ ಆಗುತ್ತೆ" ಎನ್ನುತ್ತಿದ್ದರು. ಹೇಗೋ ಎಂದರೆ ಹೇಗೆ? ಬೆಡ್‌ಶೀಟು ತಾನಾಗಿಯೇ ಮಡಿಸಿಕೊಳ್ಳುತ್ತದೆಯೇ? ಮಗಳನ್ನು ಕೇಳಿದರೆ ಅವಳು ಅಂಗಡಿ ಕಡೆ ಹೋಗಿಯೇ ಇಲ್ಲವಂತೆ. ಒಂದು ದಿನ ವಾಚ್ ರಿಪೇರಿಯವನು ನೋಡಲು ಬಂದ. ಎದ್ದು ನಡೆದಾಡುತ್ತಿದ್ದ ನನ್ನನ್ನು ಕಂಡು ಅವನಿಗೆ ಸ್ವಲ್ಪ ನಿರಾಸೆಯಾದ ಹಾಗಿತ್ತು. "ನೀವೇನೂ ತಲೆ ಕೆಡಿಸ್ಕೋಬೇಡಿ ಅಕ್ಕಾ. ಅಣ್ಣ ಎಲ್ಲಾ ಆರಾಮಾಗಿ ನಡೆಸ್ತಿದ್ದಾರೆ. ಒಂದು ಗಂಟೂ ತಡ ಆಗಿಲ್ಲ" ಎಂದ.

ಸಮಾಧಾನ ಹೇಳಲು ಬಂದವನು ಬೆಂಕಿ ಹಚ್ಚಿ ಹೋದ. ಒಂದು ಗಂಟೂ ತಡವಾಗಿಲ್ಲವಂತೆ. ಯಾವಳೋ ಬಂದಿದ್ದಾಳೆ, ನನಗಿಂತ ಎತ್ತರದವಳು, ನನಗಿಂತ ಚಿಕ್ಕವಳು, ಬೆನ್ನು ಗಟ್ಟಿ ಇರುವವಳು. ನನ್ನ ತುದಿಯಲ್ಲಿ ನಿಂತು, ಎದುರಿಗೆ ನಡೆದು ಬಂದು, ನನ್ನ ಗಂಡನ ಕೈಗೆ ಮೂಲೆ ಕೊಡುತ್ತಿದ್ದಾಳೆ. ಅವಳ ಹತ್ತಿರ ಏನು ಮಾತಾಡುತ್ತಾರೋ. ಈ ವಯಸ್ಸಿನಲ್ಲಿ ಎಂಥ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ನಗಿ. ನಾನು ಗೋಡೆ ಕಡೆ ಮುಖ ಮಾಡಿ ಅತ್ತೆ.

ಡಾಕ್ಟರು ಚೆನ್ನಾಗಿ ನಡೆಯಿರಿ ಎಂದ ಮೇಲೆ ಮಗಳ ವ್ಯಾನು ಹತ್ತಿದೆ. ಅಂಗಡಿಯ ಬೀದಿಯ ತುದಿಯಲ್ಲೇ ಇಳಿದುಕೊಂಡೆ, ನೀನು ಬರಬೇಡ ಎಂದೆ. ಎರಡೂ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡಿಕೊಂಡು ಬೇಕರಿ ದಾಟಿ ಬಂದೆ. ಬಾಗಿಲು ತೆರೆದಿತ್ತು, ಮೆಷಿನ್ನುಗಳು ಓಡುತ್ತಿದ್ದವು. ಒಳಗಿದ್ದ ನಮ್ಮವರಿಗೆ ನಾನು ಬಂದದ್ದು ಗೊತ್ತಾಗಲಿಲ್ಲ.

ಅವರ ಜೊತೆ ಯಾರೂ ಇರಲಿಲ್ಲ. ನಾನು ನಿಲ್ಲುತ್ತಿದ್ದ ಕಡೆಯ ಗೋಡೆಗೆ, ಅವರ ಎತ್ತರಕ್ಕೆ, ಎರಡು ಮೊಳೆ ಹೊಡೆದಿದ್ದರು. ಮೊಳೆಗೆ ಕಬ್ಬಿಣದ ಕ್ಲಿಪ್ಪುಗಳು, ಕ್ಲಿಪ್ಪಿನಲ್ಲಿ ಬೆಡ್‌ಶೀಟಿನ ಎರಡು ಮೂಲೆ. ಇನ್ನೆರಡು ಮೂಲೆ ಹಿಡಿದು ಅವರು ಜಗ್ಗಿದರು, ಗೋಡೆಯವರೆಗೆ ನಡೆದು ಹೋದರು, ಅಂಚಿಗೆ ಅಂಚು ಕೂಡಿಸಿ ಸಿಕ್ಕಿಸಿದರು, ತಾವೇ ಬಗ್ಗಿ ಮಡಿಕೆ ಎತ್ತಿಕೊಂಡು ಹಿಂದೆ ಬಂದರು. ಮೇಜಿನ ಮೇಲೆ ಮಡಿಸಿದ್ದು ಸಾಲಾಗಿ ಕೂತಿತ್ತು. ಮುಟ್ಟಿ ನೋಡಿದೆ. ತಪ್ಪು ಹುಡುಕಲು ಏನೂ ಇರಲಿಲ್ಲ.

ನನ್ನನ್ನು ಕಂಡು ಅವರು ನಿಂತಲ್ಲೇ ನಿಂತರು.

"ಚೆನ್ನಾಗಿದೆ" ಎಂದೆ. ಮೆಷಿನ್ನುಗಳ ಸದ್ದಿಗಿಂತ ಗಟ್ಟಿಯಾಗಿ ಹೇಳಿದೆ. "ಗೋಡೆ ನನಗಿಂತ ವಾಸಿ. ಬೆನ್ನು ನೋವು ಅನ್ನಲ್ಲ, ಕಾಲು ಎಳೆಯಲ್ಲ. ನಿಮ್ಮ ಕೆಲಸ ನಿಂತಿಲ್ಲವಲ್ಲ, ಸಂತೋಷ. ಇನ್ನು ನಾನಿಲ್ಲಿ ಯಾಕೆ, ಮನೆಗೆ ಹೋಗ್ತೀನಿ."

ಅವರು ಹತ್ತಿರ ಬಂದರು. ಎಂದಿನ ಹಾಗೆ, ಮಾತು ಕೇಳಿಸುವಷ್ಟು ಹತ್ತಿರ.

"ಗೋಡೆ ಬರಲ್ವಲ್ಲ ಕಣೇ" ಎಂದರು.

"ಏನು?"

"ನಾನು ಮೂಲೆ ಹಿಡ್ಕೊಂಡು ಹೋಗ್ತೀನಿ. ಅದು ಅಲ್ಲೇ ಇರುತ್ತೆ. ಪ್ರತಿ ಸಲ ಅಷ್ಟೂ ದೂರ ನಾನೊಬ್ಬನೇ ನಡೀಬೇಕು."

ಅಳು ಬಂತು, ತಡೆಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕ್ಲಿಪ್ಪು ಬಿಚ್ಚಿ ಆ ಎರಡು ಮೂಲೆಗಳನ್ನು ನನ್ನ ಕೈಗೆ ತೆಗೆದುಕೊಂಡೆ. ಜಗ್ಗಿದೆವು. ಇಬ್ಬರೂ ನಡೆದು ಬಂದೆವು. ಈ ಸಲ ಅವರು ತಮ್ಮ ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಆ ಉದ್ದನೆಯ ಮೈಯನ್ನು ಕೆಳಗಿಳಿಸಿದರು. "ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ" ಎಂದೆ. ಅವರು ಮಂಡಿ ಬಗ್ಗಿಸುವ ಹೊತ್ತಿಗೆ ತಡವಾಗಿತ್ತು. ನಾನು ಎಷ್ಟು ಎತ್ತಿ ಹಿಡಿದರೂ ನನ್ನ ಎತ್ತರಕ್ಕೆ ಜೋತುಬಿದ್ದ ಮಡಿಕೆ ನೆಲಕ್ಕೆ ತಾಗಿ, ಆ ಬೆಡ್‌ಶೀಟನ್ನು ಮತ್ತೊಂದು ಸಲ ಒಗೆಯಬೇಕಾಯಿತು.